ತಡವಾಗಿ ಬಂದವರು

ಒಬ್ನಿನ್ಸ್ಕಿನಲ್ಲಿ ಫೆಬ್ರವರಿ.
ಪ್ರೊತ್ವಾ ನದಿ ಬೆನ್ನು ಬಿಗಿದು ಮಲಗಿದೆ.
ನೆಲಮಾಳಿಗೆಯ ಸೀಸಕ್ಕೆ ಮಾತ್ರ ನಿದ್ದೆಯಿಲ್ಲ;
ನಾನೂರು ಡಿಗ್ರಿಯಲ್ಲಿ, ಕೊಳವೆಯೊಳಗೆ,
ಯಾರಿಗೂ ಕಾಣದೆ
ಹರಿದದ್ದೇ ಹರಿಯುತ್ತದೆ.

ನೀರು ಬಿದ್ದರೆ ಸಿಡಿಯುವ ಸೋಡಿಯಮ್ಮಿನ ಹಾಗಲ್ಲ ಇದು,
ಗಾಳಿ ಸೋಕಿದರೆ ಉರಿದುಬೀಳುವ ಜಾತಿಯಲ್ಲ.
ಕುದಿಯಬೇಕಾದರೆ ಸಾವಿರದ ಏಳುನೂರು ದಾಟಬೇಕು.
ಆದರೂ ಹದ ತಪ್ಪುವಂತಿಲ್ಲ:
ಆಮ್ಲಜನಕ ಕಡಿಮೆಯಾಯಿತೋ, ಉಕ್ಕನ್ನು ನೆಕ್ಕಿ ನೆಕ್ಕಿ ಸವೆಸುತ್ತದೆ,
ಹೆಚ್ಚಾಯಿತೋ, ಕಿಟ್ಟಗಟ್ಟಿ ಕೊಳವೆಯ ಗಂಟಲು ಕಟ್ಟುತ್ತದೆ.
ಸಾರಿಗೆ ಉಪ್ಪು ಹಾಕುವವಳ ಬೆರಳು ಬೇಕು ಇಲ್ಲಿ.

ಅಂಥ ಬೆರಳು ಅಗ್ರಿಪ್ಪೀನಾ ಲ್ವೋವ್ನಾಳದು.
ಮೂವತ್ತೊಂದು ವರ್ಷದಿಂದ ಅವಳ ದಾಖಲೆ ಪುಸ್ತಕದಲ್ಲಿ
‘ಸುರಕ್ಷಿತ’ ಎಂಬ ಪದಕ್ಕೆ ಪ್ರವೇಶವಿಲ್ಲ.
ಯಾರಾದರೂ ಬರೆದರೆ ಹೊಡೆದುಹಾಕಿ, ಮೇಲೆ
‘ಈ ಹೊತ್ತಿನವರೆಗೆ’ ಎಂದು ಬರೆದು
ಗಂಟೆ, ನಿಮಿಷ ಹಾಕುತ್ತಾಳೆ.

‘ಈ ಪ್ರತಿಫಲಕ ಅಂದರೆ ಕನ್ನಡಿಯೇ?’
ಕೇಳಿದಳು ಹೊಸ ಹುಡುಗಿ ಝ್ಲಾತಾ.
ಕ್ಯಾಂಟೀನಿನ ಬಿಲ್ಲು ಮಗುಚಿ, ಪೆನ್ಸಿಲ್ಲು ಹಿಡಿದಳು ಹಿರಿಯಳು.
(ಸೀಸದ ಕಡ್ಡಿ ಎನ್ನುತ್ತೇವೆ ನಾವು; ಅದರಲ್ಲಿ ಸೀಸವಿಲ್ಲ.)

ಕನ್ನಡಿ ಅಲ್ಲ ಮಗು. ಕನ್ನಡಿ ಕೊಟ್ಟದ್ದನ್ನು ಕೂಡಲೇ ಹಿಂದಿರುಗಿಸುತ್ತದೆ.
ಇದು ಒಂದು ಊರು, ದಪ್ಪ ಸೀಸದ ಊರು.
ನ್ಯೂಟ್ರಾನು ಒಳಹೊಕ್ಕು
ಒರಳುಕಲ್ಲಿಗೆ ಬಡಿದ ಗೋಲಿಯ ಹಾಗೆ ಪುಟಿಯುತ್ತದೆ,
ಕೂದಲೆಳೆಯಷ್ಟು ವೇಗ ಕಳೆದುಕೊಂಡು
ಇನ್ನೊಂದಕ್ಕೆ, ಮತ್ತೊಂದಕ್ಕೆ, ನೂರಾರು ಬಾಗಿಲು ತಟ್ಟಿ,
ಯಾರೂ ಉಣ್ಣಲು ಕರೆಯದೆ, ಯಾರೂ ಕಟ್ಟಿಹಾಕದೆ,
ಕಾಲೆಳೆಯುತ್ತ ಮನೆಗೆ ಬರುತ್ತದೆ
ತಡವಾಗಿ.

ಎಷ್ಟು ತಡ?
ಸೆಕೆಂಡಿನ ಸಾವಿರದಲ್ಲೊಂದು ಪಾಲು.

ನಗಬೇಡ. ಆ ಮನೆಯಲ್ಲಿ ರೆಪ್ಪೆ ಬಡಿಯುವಷ್ಟರಲ್ಲಿ
ಲಕ್ಷಾಂತರ ತಲೆಮಾರು ಹುಟ್ಟಿ ಹೆತ್ತು ಮುಗಿದಿರುತ್ತವೆ.
ಬೆಂಕಿ ಹೆಚ್ಚಿದ ದಿನ
ಮಕ್ಕಳೆಲ್ಲ ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ
ಮನೆಯೇ ಉಳಿಯುವುದಿಲ್ಲ.

ಯಾವ ಸೀಸವಾದರೂ ಆದೀತೆಂದಲ್ಲ. ಇನ್ನೂರೆಂಟು ತೂಕದ್ದೇ ಬೇಕು:
ಥೋರಿಯಮ್ಮು ಮುಪ್ಪಾಗಿ, ಹತ್ತು ಸಲ ತನ್ನನ್ನೇ ಉಗುಳಿ,
ಇನ್ನು ಕೊಡಲೂ ಏನಿಲ್ಲ, ಬೇಡಲೂ ಏನಿಲ್ಲ ಎಂದು
ಕೂತುಬಿಟ್ಟ ಸೀಸ.
ಅದಕ್ಕೆ ಹಸಿವೇ ಇಲ್ಲವೆನ್ನಬೇಕು. ಬಂದವರನ್ನು ನುಂಗುವುದಿಲ್ಲ.

ಅದೇ ರಾತ್ರಿ ಇಲ್ದಾರ್ ಪಾಳಿಗೆ ಬರಲಿಲ್ಲ.
ಮಾಲೊಯರಸ್ಲಾವೆತ್ಸಿನ ರೈಲು ಹಿಮದಲ್ಲಿ ನಿಂತಿತ್ತು.
ಝ್ಲಾತಾ ಕೋಟು ತೊಟ್ಟು, ಗುಂಡಿ ಹಾಕಿ, ಗುಂಡಿ ಬಿಚ್ಚಿ,
ಅವನ ವಂಶವನ್ನೆಲ್ಲ ಶಪಿಸುತ್ತ ಕಾದಳು.
ಬಂದ, ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿದ್ದಾಗ, ಮೀಸೆಯಲ್ಲಿ ಮಂಜು.
ಅವಳು ಬಯ್ಯಲು ಬಾಯಿ ತೆರೆದದ್ದೇ ತಡ,
ಮೂರನೆಯ ಹೀಟರಿನ ದೀಪ ಆರಿತು.

ಮುನ್ನೂರ ಎಂಬತ್ತು. ಅರವತ್ತೊಂದು. ನಲವತ್ತನಾಲ್ಕು.
ಮುನ್ನೂರ ಇಪ್ಪತ್ತೇಳಕ್ಕೆ ಸೀಸ ಕಲ್ಲು.
ಕಲ್ಲಾದದ್ದನ್ನು ನಡುವಿನಿಂದ ಕರಗಿಸಿದರೆ
ಉಬ್ಬಿ, ಕೊಳವೆಯನ್ನೇ ಸೀಳುತ್ತದೆ.
ಅವನು ಕವಾಟಕ್ಕೆ, ಅವಳು ಮೀಸಲು ತಂತಿಗೆ.
ಎರಡು ಕೈ ಸಾಲದ ಕೆಲಸ.
ಮೂವತ್ತೊಂದರಲ್ಲಿ ಮುಳ್ಳು ನಡುಗಿತು,
ನಿಂತಿತು,
ಹೊರಟವರು ಏನೋ ನೆನಪಾಗಿ ತಿರುಗುವಂತೆ
ಮೇಲೆ ಹತ್ತಿತು.

‘ನೋಡಿದಿರಾ, ತಡವೇ ಕಾಪಾಡಿತು!’
ಬೆಳಿಗ್ಗೆ ಹಿಗ್ಗಿದಳು ಝ್ಲಾತಾ.
ಅಗ್ರಿಪ್ಪೀನಾ ಲ್ವೋವ್ನಾ ಕನ್ನಡಕ ಒರೆಸಿಕೊಂಡು
ಇಲ್ದಾರನ ಅರ್ಧ ದಿನದ ಸಂಬಳ ಕತ್ತರಿಸಿದಳು.
‘ಅದು ಲೆಕ್ಕ ಹಾಕಿ ಕಟ್ಟುವ ತಡ. ಇದು ರೈಲಿನದು.
ಅದೃಷ್ಟವನ್ನು ನಕ್ಷೆಯಲ್ಲಿ ಎಲ್ಲಿ ಬರೆಯಲಿ?’
ಆಮೇಲೆ, ಅದೇ ಶಾಯಿಯಲ್ಲಿ:
ನಾಳೆಯಿಂದ ಪ್ರತಿ ಪಾಳಿಗೆ ಇಬ್ಬರು.

ಆ ಸೀಸದ ಊರು ಇನ್ನೂ ಎಲ್ಲೂ ಎದ್ದಿಲ್ಲ.
ಝ್ಲಾತಾಳ ಕೋಟಿನ ಜೇಬಲ್ಲಿ, ಬಿಲ್ಲಿನ ಬೆನ್ನಿಗೆ,
ಬೀಟ್‌ರೂಟ್ ಸೂಪಿನ ಕಲೆಯ ಪಕ್ಕ
ಒಂದು ವೃತ್ತ, ಅದರ ಸುತ್ತ ದೊಡ್ಡದೊಂದು ವೃತ್ತ,
ನಡುವೆ ಅಲೆಯುವ ಒಂದು ಗೆರೆ.
ಮನೆ ಮುಟ್ಟಲು ಬೆರಳಗಲ ಇರುವಾಗ
ಕಡ್ಡಿಯ ಮೊನೆ ಮುರಿದಿತ್ತು.