ಮೂರನೇ ಕಿಡಕಿ

ಭೀಮಾತೀರ ವಿದ್ಯಾಪೀಠ, ಸೋಲಾಪುರ.
ಫೀ ತುಂಬೋ ಮೂರನೇ ಕಿಡಕಿ ನಂದು.
ಕಿಡಕಿ ಅಂದ್ರ ಏನು, ನಾಕು ಸರಳು,
ಕೆಳಗ ಅಂಗೈ ತೂರುವಷ್ಟು ಸಂದಿ,
ಸಂದಿಯ ಮುಂದ ಸಾಗವಾನಿ ಹಲಗಿ.
ಹಲಗಿ ಮ್ಯಾಲ ಎರಡು ತಗ್ಗು ಬಿದ್ದಾವ,
ಯಾರೂ ಕೆತ್ತಿದ್ದಲ್ಲ, ಮೊಳಕೈ ಊರಿ ಊರಿ.
ಅಕ್ಕಲಕೋಟದ ಮೊಳಕೈ, ಮಂದ್ರೂಪದ ಮೊಳಕೈ,
ರಾತ್ರಿ ಪಾಳಿ ಮುಗಿಸಿ, ಮಗ್ಗದ ಅರಳಿ
ಕೂದಲಾಗ ಹೊತ್ತುಕೊಂಡೇ ಬಂದವರ ಮೊಳಕೈ.

ಇಪ್ಪತ್ತಾರು ವರ್ಷ
ಒಳಗ ಬಂತು ರೊಕ್ಕ, ಹೊರಗ ಹೋತು ಪಾವತಿ.
ಆರನೂರಾ ನಲವತ್ತು. ಮುಂದ ಏಳನೂರಾ ಹತ್ತು.
ಹರಿದ ನೋಟಿಗೆ ಅನ್ನದ ಅಗಳು ಹಚ್ಚಿ ಕೊಟ್ಟವರಿದ್ದರು.
ಎಣಿಸಿ ಎಣಿಸಿ ನನ್ನ ಬೆರಳಿಗೆ ತಂಬಾಕದ ವಾಸನಿ.
ಲಗ್ನಾದ ಹೊಸದಾಗಿ ಹೆಂಡತಿ ಕೇಳಿದ್ದಳು,
ಚಟ ಅದ ಅಂತ ಮೊದಲೇ ಯಾಕ ಹೇಳಲಿಲ್ಲ?

ಮಾರ್ಚದಾಗ ನೋಟೀಸು ಹಚ್ಚಿದರು, ಮರಾಠಿಯೊಳಗ ಹನ್ನೊಂದು ಸಾಲು.
ಅದರಾಗ ಒಂದು ಪದ ನನಗ ಹಳೇ ಗುರುತು:
ಪುನರುಜ್ಜೀವನ.
ನಮ್ಮಪ್ಪನ ಗಿರಣಿ ಗೇಟಿಗೂ ಇದನ್ನೇ ಅಂಟಿಸಿದ್ದರು.
ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿ
ಖುಶಿಯಾಗಿ ಪಾವಶೇರು ಪೇಢೆ ತಂದಿದ್ದ.
ಮುಂದಿನ ವಾರ ಗಿರಣಿಯ ಭೋಂಗಾ ನಿಂತಿತು.
ಅವ್ವ ಮಾತ್ರ ಇನ್ನೂ ಎರಡು ವರ್ಷ
ಇಲ್ಲದ ಭೋಂಗಾಕ್ಕ
ಬೆಳಿಗ್ಗೆ ಏಳಕ್ಕ ಬುತ್ತಿ ಕಟ್ಟತಿದ್ದಳು.

ನಿನ್ನೆ ಕಿಡಕಿಯ ಕಡೇ ದಿನ.
ಇನ್ನ ಮ್ಯಾಲ ಮೊಬೈಲಿನಾಗ, ಟ್ರಸ್ಟಿನ ಖಾತೆಗೆ.
ಮೂರರ ಸುಮಾರು ಜಕ್ಕವ್ವ ಬಂದಳು,
ಮೊಮ್ಮಗಳು ಮಹಾನಂದಾನ ಕರಕೊಂಡು,
ಗಂಟು ಬಿಚ್ಚಿ ಸಂದಿಯೊಳಗ ಇಟ್ಟಳು.
ರೂಢಿ ನೋಡ್ರಿ, ನಾ ಎಣಿಸಿಬಿಟ್ಟೆ.
ಏಳನೂರಾ ಅರವತ್ತು.
ಐವತ್ತು ಹೆಚ್ಚಿಗಿ ಅದ ಅಂದೆ.
"ತುಟ್ಟಿ ಆಗ್ಯಾದಂತ ಕೇಳೀನಿ, ಅದಕ್ಕ."

ಹೇಳಬೇಕಾತು.
ನಲವತ್ತೆಂಟು ಸಾವಿರ, ಆಯಿ. ಖಾಸಗಿ ಆಗ್ಯಾದ.
ಮರಾಠಿಯ ಖಾಜಗಿಯೊಳಗಿನ ಜ ತಗದು
ನಮ್ಮ ಸ ಇಟ್ಟು ಹೇಳಿದೆ,
ಅಷ್ಟರ ಮಟ್ಟಿಗೆ ಮೆತ್ತಗಾದೀತು ಅಂತ.

ಜಕ್ಕವ್ವ ತಗ್ಗಿನಾಗ ಮೊಳಕೈ ಇಟ್ಟು ವಿಚಾರ ಮಾಡಿದಳು.
"ಖಾಸ ಅಂದ್ರ ಒಡಹುಟ್ಟಿದ್ದಲ್ಲೇನೋ ಯಪ್ಪಾ?
ಖಾಸ ತಮ್ಮ. ಖಾಸ ಸ್ವಾದರಮಾವ.
ಇಷ್ಟು ದಿನ ಸರಕಾರದ್ದಿತ್ತು, ದೂರಿನದು.
ಈಗ ಖಾಸ ಆತು ಅಂದ್ರ
ನಮಗ ಇನ್ನಷ್ಟು ಹತ್ತರ ಆಗಬೇಕಲ್ಲ?"

ನನ್ನ ಮೇಜಿನ ಮ್ಯಾಲ ಏಳು ನಮೂನಿ ಸಿಕ್ಕಾ ಅದಾವ.
ಜಮಾ ಆಗಿದೆ. ಬಾಕಿ ಇದೆ. ನಕಲು ಪ್ರತಿ.
ಈ ಮಾತಿಗೆ ಹೊಡಿಯೋದು ಒಂದೂ ಸಿಗಲಿಲ್ಲ.

ಮಹಾನಂದಾ ಕಾಗದ ಕೇಳಲಿಲ್ಲ, ಪೆನ್ನು ಕೇಳಲಿಲ್ಲ.
ಸಂಖ್ಯಾಶಾಸ್ತ್ರಕ್ಕ ಅರ್ಜಿ ಹಾಕಿದ ಹುಡುಗಿ,
ಸರಳಿನ ಆಚೆ ನಿಂತಲ್ಲೇ ಅಂದಳು:
"ಸಾವಿರಕ್ಕ ಎರಡನೂರು ಹಿಡದ್ರ
ಎರಡು ಲಕ್ಷ ನಲವತ್ತು ಸಾವಿರ ಬೀಡಿ, ಆಯಿ."
ಸ್ವಲ್ಪ ತಡದು,
"ಅದೂ ಒಂದೂ ಎಲಿ ಹರೀದಿದ್ದರ."

ಲೆಕ್ಕ ಬರೋಬರಿ ಇತ್ತು.
ಮಾರ್ಕು ಕೊಡೋ ಕಿಡಕಿ ನಂದಲ್ಲ.

ಏಳನೂರಾ ಅರವತ್ತನ್ನ ಅದೇ ಸಂದಿಯಿಂದ ತಿರುಗಿ ನೂಕಿದೆ.
ಇಪ್ಪತ್ತಾರು ವರ್ಷದಾಗ ಆ ಹಾದಿಲೆ
ರೊಕ್ಕ ಹೊರಗ ಹೋದದ್ದು ಅದೇ ಮೊದಲು.
ಐದರ ನಾಣ್ಯ ಒಂದು ಉರುಳಿ ತಗ್ಗಿನಾಗ ನಿಂತಿತು.
ಅದನ್ನ ಬಿಟ್ಟು ಹೋದರು. ಕಾಣಲಿಲ್ಲೋ, ಬ್ಯಾಡಾಗಿತ್ತೋ.

ಇವತ್ತು ಬಡಿಗ್ಯಾ ಬಂದಾನ, ಟೇಪು ಹಿಡದು.
ತಗ್ಗು ಬಿದ್ದದ ಅಂತ ಹಲಗಿಗೆ ದರ ಕಡಿಮಿ ಹೇಳತಾನ.
ರಂಧಾ ಹೊಡದ್ರ ಎರಡು ನೂಲು ಹೋಗತದ,
ಆಮ್ಯಾಲ ಸಪಾಟ, ಏನೂ ಗೊತ್ತಾಗಂಗಿಲ್ಲಂತ.
ನಾ ಒಳಗಿನಿಂದ ಎದ್ದು, ಸುತ್ತು ಹಾಕಿ ಹೊರಗ ಬಂದು
ಸಾಲು ಇಲ್ಲದ ಸಾಲಿನಾಗ ನಿಂತೀನಿ.
ಒಳಗ ನನ್ನ ಖುರ್ಚಿ ಕಾಣತದ, ಬಲು ಸಣ್ಣದು.
"ಸಾಹೇಬ್ರ," ಅಂತಾನ ಬಡಿಗ್ಯಾ,
"ಮೊಳಕೈ ತಗೀರಿ."