ಲಾಭ, ಎರಡು, ಮೂರು

ಗುತ್ತಲು ರಸ್ತೆಯ ಜೆರಾಕ್ಸ್ ಅಂಗಡಿ. ಷಟರ್ ಅರ್ಧ ಎಳೆದಾಗಿತ್ತು.
ಬಗ್ಗಿಕೊಂಡೇ ಒಳಬಂದಳು ಕೆರಗೋಡಿನ ಹಂಸವೇಣಿ,
ಎದೆಗವಚಿದ ಲ್ಯಾಪ್‌ಟಾಪು, ಅದರ ಒಂದು ಕೀಲಿಗೆ ಸೆಲೋಟೇಪು.

‘ಐದು ಅಚ್ಚು ಬೆಲ್ಲ ಬರ್ದಿವ್ನಿ ಸಾ,
ಐದ್ನೇದು ಕೇಳುದ್ರೆ ಇಲ್ಲ ಅಂತದೆ.’

ಪರದೆಯ ತುಂಬ ಕೆಂಪಕ್ಷರ. ಓದಿದೆಯಾ ಎಂದೆ.
‘ಇಲ್ಲ ಸಾ, ಹೆದ್ರುಕಂಡು ಮುಚ್ಬುಟ್ಟೆ.’

ನಾನೂ ಹಾಗೇ ಮುಚ್ಚಿದವನು, ಎಷ್ಟೋ ರಾತ್ರಿ.
ಕೀಲಿಗೆ ಕೈ ಹಾಕಲಿಲ್ಲ. ಕೈಕಟ್ಟಿ ಕೇಳಿದೆ:
ನಿಮ್ಮಜ್ಜಿ ರಾಗಿ ಅಳೆಯುವಾಗ
ಮೊದಲ ಸೇರಿಗೆ ಏನನ್ನುತ್ತಾಳೆ?

‘ಲಾಭ.’

ಒಂದು ಅನ್ನುವುದಿಲ್ಲ, ಅಲ್ಲವೇ? ಇದೂ ಹಾಗೇ,
ಮೊದಲನೆಯದಕ್ಕೆ ಸೊನ್ನೆ ಅನ್ನುತ್ತದೆ.
ಬೀಗಿದೆ, ಹೋಲಿಕೆ ಹೊಂದಿತೆಂದು.

ಅವಳು ಬೆರಳು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.
‘ಆದ್ರೆ ಸಾ, ಅಜ್ಜಿ ಲಾಭ ಆದ್ಮೇಲೆ ಎರಡು ಅಂತಾಳೆ.
ಇದು ಒಂದು ಅಂತದೆ.’

ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಗೇರು ಬದಲಿಸಿತು.
ತಪ್ಪು ನನ್ನ ಸಾಲಿನಲ್ಲೇ ಇತ್ತು.

ತಲೆಯೆತ್ತುವಷ್ಟರಲ್ಲಿ ಐದನ್ನು ಅಳಿಸಿ
ಸೆಲೋಟೇಪಿನ ಮೇಲೆ ನಾಲ್ಕು ಒತ್ತಿದ್ದಳು.
ಬಂತು ಕೊನೆಯ ಅಚ್ಚು;
ಅದರ ತೂಕ ಬರೆಯುವುದನ್ನೇ ಮರೆತಿದ್ದಳು.