ಮುನ್ನೂರ ಹನ್ನೊಂದನೆಯ ದಿನ

ಮೊದಲ ದಿನ ಅದೊಂದು ಹುಡುಗಾಟ.
ಬಂದರಿನ ಕೆಲಸ ಹೋದ ಸೋಮವಾರ
ಅನ್ಸೆಲ್ಮೊ ತನ್ನ ಫೋನನ್ನು ನನ್ನ ಕೈಗೆ ತುರುಕಿ
"ಹಿಡಿ ಯಾಸ್ನಾ, ಅಲ್ಲಾಡಿಸಬೇಡ" ಎಂದ.
ಹೆಗಲಿಗೆ ಹತ್ತು ಕಿಲೋ ಮರಳಿನ ಚೀಲ,
ಎದುರಿಗೆ ನೂರ ಆರು ಮೆಟ್ಟಿಲು,
ಹಿಂದೆ ವಾಲ್ಪರೈಸೊದ ಕಡಲು.
ಹತ್ತಿದ. ತುದಿಯಲ್ಲಿ ನಿಂತು, ಏದುಸಿರಿನಲ್ಲೇ
ಕಾಣದವರಿಗೆಲ್ಲ ಮಾತು ಕೊಟ್ಟ:
ದಿನಕ್ಕೊಂದು ಹೊಸ ಮೆಟ್ಟಿಲ ಸಾಲು,
ವಾರಕ್ಕೊಂದು ಕಿಲೋ ಹೆಚ್ಚು,
ಒಂದು ದಿನವೂ ತಪ್ಪುವುದಿಲ್ಲ.

ಮಾತು ಕೊಡುವಾಗ ಯಾರೂ ಗುಣಾಕಾರ ಮಾಡುವುದಿಲ್ಲ.

ನಾನು ಮಾಡಿದೆ.
ಔಷಧಿ ಅಂಗಡಿಯ ಗಲ್ಲಾದಲ್ಲಿ ಕೂತು, ರಶೀದಿಯ ಬೆನ್ನ ಮೇಲೆ.
ವರ್ಷ ತುಂಬುವಾಗ ಅರವತ್ತೆರಡು ಕಿಲೋ.
ಎರಡು ತುಂಬುವಾಗ ಅವನು ಹೊರಬೇಕಾದ್ದು
ತನಗಿಂತ ಭಾರದ ಇನ್ನೊಬ್ಬ ಅನ್ಸೆಲ್ಮೊನನ್ನು.
ಮೂರಕ್ಕೆ ನಮ್ಮ ಅಡುಗೆಮನೆಯ ಫ್ರಿಜ್ಜು,
ಒಳಗಿನ ಸಾಮಾನಿನ ಸಮೇತ.
ಊರ ತುಂಬ ಗುಡ್ಡಗಳೇ, ನಿಜ,
ಆದರೂ ಮೆಟ್ಟಿಲೇನು ಅಲೆಯೇ?
ಎಣಿಸುತ್ತ ಹೋದರೆ ಮುಗಿಯುತ್ತದೆ.
ರಶೀದಿ ತೋರಿಸಿದೆ. ನಕ್ಕ.
ಅದರಲ್ಲೇ ಚೂಯಿಂಗ್ ಗಮ್ ಸುತ್ತಿ ಎಸೆದ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು.
ಹತ್ತಿ ಉಣ್ಣುವವನಿಗೆ?

ನೋಡುವವರು ಬಂದರು. ಮೊದಲು ನೂರು, ಆಮೇಲೆ ಲಕ್ಷ.
ಪ್ರೋಟೀನ್ ಪುಡಿಯ ಡಬ್ಬಿಗಳು ಬಂದವು,
ಬೆಕ್ಕೂ ಮೂಸದ ವೆನಿಲಾ.
ಬಂದವರು ಹಸಿದೇ ಬಂದಿದ್ದರು,
ನಿನ್ನೆಯ ಮೆಟ್ಟಿಲು ಅವರಿಗೆ ತಂಗಳು.
ಮಳೆಯಲ್ಲಿ ಹತ್ತಿದ, ಜ್ವರದಲ್ಲಿ ಹತ್ತಿದ,
ನಮ್ಮ ಅಜ್ಜಿಯನ್ನು ಮಣ್ಣು ಮಾಡಿ ಬಂದು
ಕರಿ ಪ್ಯಾಂಟಿನಲ್ಲೇ ಹತ್ತಿದ.
ಎಲ್ಲಕ್ಕಿಂತ ಹೆಚ್ಚು ಓಡಿದ್ದು ಆ ವಿಡಿಯೊ.
ಅದರ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಮಾತೆತ್ತಿಲ್ಲ.

ರಾತ್ರಿ ಕತ್ತರಿಸುವವಳು ನಾನು.
ನಲವತ್ತು ನಿಮಿಷವನ್ನು ನಲವತ್ತು ಸೆಕೆಂಡಿಗೆ ಇಳಿಸುತ್ತೇನೆ.
ನಾಯಿ ಅಡ್ಡ ಬಂದದ್ದು, ಎಡವಿದ್ದು, ಬೈದದ್ದು,
ಕಂಬಿ ಹಿಡಿದು ಸುಮ್ಮನೆ ನಿಂತ ಆರು ನಿಮಿಷ,
ಎಲ್ಲ ನನ್ನ ಹತ್ತಿರವೇ ಇದೆ, ಕಸದ ಬುಟ್ಟಿಯಲ್ಲಿ.
ಇನ್ನೂರರ ಸುಮಾರಿಗೆ
ಬಲ ಮೊಣಕಾಲು ಮಾತಾಡತೊಡಗಿತು,
ಹೆಜ್ಜೆಗೊಂದು ಲಟಕ್,
ಒಣ ಶಾವಿಗೆ ಮುರಿದ ಹಾಗೆ.
ಅದರ ಮೇಲೆ ಡೋಲು ಬಡಿಸುತ್ತೇನೆ.
ತಾಳ ಚೆನ್ನಾಗಿಯೇ ಕೂರುತ್ತದೆ,
ಅಷ್ಟು ಕರಾರುವಾಕ್ಕು ಆ ಲಟಕ್.

ಇನ್ನೂರ ಎಂಬತ್ತಕ್ಕೆ ಹೊಸ ಮೆಟ್ಟಿಲು ತೀರಿದವು,
ಅವನ ಕಾಲಿಗೆ ಎಟಕುವಷ್ಟಾದರೂ.
ಆಮೇಲೆ ಸಣ್ಣ ಕಳ್ಳತನ.
ಸಂಜೆ ಹತ್ತಿದ್ದನ್ನು ಬೆಳಿಗ್ಗೆ ಹತ್ತು,
ಕ್ಯಾಮೆರಾ ಎಡದಿಂದ ಬಲಕ್ಕೆ,
ನೀಲಿ ತಗಡಿನ ಮನೆಯನ್ನು ಚೌಕಟ್ಟಿನಾಚೆ ನೂಕು.
ಲಕ್ಷ ಕಣ್ಣಿಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಎದೆಲ್ಮಿರಾಗೆ.
ಎಪ್ಪತ್ತೇಳು ವರ್ಷ, ಒಂದು ಕೈಯಲ್ಲಿ ಬ್ರೆಡ್ಡು,
ಇನ್ನೊಂದರಲ್ಲಿ ಈರುಳ್ಳಿ.
ಇವತ್ತು ಬೆಳಿಗ್ಗೆ ನಡುಮೆಟ್ಟಿಲಲ್ಲಿ ಸಿಕ್ಕಿ
"ಏನಪ್ಪಾ, ಮಾರ್ಚಿನಲ್ಲೂ ಇದನ್ನೇ ಹತ್ತುತ್ತಿದ್ದೆ,
ಇನ್ನೂ ಮನೆ ಸಿಗಲಿಲ್ಲವೇ?" ಎಂದಳು.
ಹತ್ತು ಮೆಟ್ಟಿಲು ಏರಿ ತಿರುವಿನಲ್ಲಿ ಕೂತಳು.
ಅವಳು ಕೂತು ಕೂತೇ ಅಲ್ಲಿನ ಕಲ್ಲು ನುಣ್ಣಗಾಗಿದೆ.

ಅನ್ಸೆಲ್ಮೊ ಚೀಲ ಇಳಿಸಿ ಪಕ್ಕದಲ್ಲಿ ಕೂತ
ಎಂದು ಬರೆಯುವ ಆಸೆ.
ಕೂರಲಿಲ್ಲ. "ಅದನ್ನು ಕತ್ತರಿಸು" ಎಂದ ನನಗೆ.
ಐವತ್ತನಾಲ್ಕು ಕಿಲೋ ಹೊತ್ತು ಅವಳನ್ನು ದಾಟಿ ಹೋದ,
ಲಟಕ್, ಲಟಕ್.

ಈಗ ಒಳಗೆ ಮಲಗಿದ್ದಾನೆ.
ಹಾಸಿಗೆ ಇದ್ದಷ್ಟೂ ಕಾಲು ಚಾಚಲಾಗುತ್ತಿಲ್ಲ,
ಮಡಿಸಿದ ಮಂಡಿಯ ಮೇಲೆ
ಫ್ರೀಜರಿನ ಬಟಾಣಿ ಪೊಟ್ಟಣ, ಕರಗಿ ತೊಟ್ಟಿಕ್ಕುತ್ತಿದೆ.
ಗಂಟೆ ಹನ್ನೊಂದೂ ಮುಕ್ಕಾಲು.
ಹನ್ನೆರಡರೊಳಗೆ ಹಾಕದಿದ್ದರೆ ಮಾತು ತಪ್ಪುತ್ತದೆ.
ನಲವತ್ತು ಸೆಕೆಂಡು ಸಿದ್ಧವಿದೆ.
ಡೋಲು ಇನ್ನೂ ಸೇರಿಸಿಲ್ಲ.
ಮತ್ತೊಮ್ಮೆ ಕೇಳುತ್ತಿದ್ದೇನೆ,
ದನಿ ಏರಿಸಿ.